ಘಟ್ಟ ಹತ್ತಿದ ತೇಲುಗುಂಡು

ಸೆಪ್ಟೆಂಬರಿನಲ್ಲಿ ನಮ್ಮ ಕರಾವಳಿಯ ಮೇಲ್ನೀರು ದಕ್ಷಿಣಕ್ಕೆ ಹರಿಯುತ್ತದೆ. ಹೊನ್ನಾವರದ ಎದುರು ಸಮುದ್ರದಲ್ಲಿ ಹಗ್ಗ ಕಡಿದುಕೊಂಡ ಕಿತ್ತಳೆ ಬಣ್ಣದ ತೇಲುಗುಂಡು ಭಟ್ಕಳದ ಕಡೆಗೆ ಹೋಗಬೇಕಿತ್ತು. ನೀಲಾಂಬಿಕಳ ಕಂಪ್ಯೂಟರಿನ ನಕ್ಷೆಯಲ್ಲಿ ಎರಡು ದಿನ ಅದು ಹಾಗೆಯೇ ಹೋಯಿತು. ಮೂರನೆಯ ದಿನ ದೋಣಿಯ ವೇಗದಲ್ಲಿ ತಿರುಗಿ ಹೊನ್ನಾವರದ ಬಂದರಿಗೆ ಬಂತು. ನಾಲ್ಕನೆಯ ದಿನ ಗಂಟೆಗೆ ನಲವತ್ತು ಕಿಲೋಮೀಟರಿನಂತೆ ಘಟ್ಟ ಹತ್ತಿ, ಸಾಗರ ದಾಟಿ, ಅವಳ ಊರಾದ ಸೊರಬವನ್ನೂ ದಾಟಿ, ಶಿರಾಳಕೊಪ್ಪದ ಮೇಲೆ ಹಾಯ್ದು ಅಂಜನಾಪುರದ ಜಲಾಶಯದ ಅಂಚಿನಲ್ಲಿ ನಿಂತಿತು.

ನೀಲಾಂಬಿಕ ಕರಾವಳಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಗುತ್ತಿಗೆಯ ಮೇಲಿದ್ದ ವಿಜ್ಞಾನಿ. ಮಳೆಗಾಲದ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ಸರಿಸಿದಾಗ ಆ ಜಾಗಕ್ಕೆ ತಳದ ತಣ್ಣೀರು ಎದ್ದು ಬರುತ್ತದೆ. ಅದರ ಜೊತೆಗೇ ಮೀನಿನ ಮೇವೂ ಬರುತ್ತದೆ. ಆದರೆ ಕೆಲವು ವರ್ಷ ಆ ನೀರಿನಲ್ಲಿ ಆಮ್ಲಜನಕ ಎಷ್ಟು ಕಡಿಮೆ ಇರುತ್ತದೆಂದರೆ ಮೀನುಗಳು ಉಸಿರುಕಟ್ಟಿ ರಾಶಿರಾಶಿಯಾಗಿ ದಡಕ್ಕೆ ಬೀಳುತ್ತವೆ. ಆ ನೀರು ಬರುವುದನ್ನು ಮೀನುಗಾರರಿಗೆ ಎಷ್ಟು ದಿನ ಮೊದಲು ಹೇಳಬಹುದು ಎಂಬುದನ್ನು ಅವಳು ಹುಡುಕುತ್ತಿದ್ದಳು. ತೇಲುಗುಂಡಿನ ಕೆಳಗೆ ಕಟ್ಟಿದ್ದ ಸ್ಟೀಲ್ ಕೊಳವೆ ಹದಿನಾಲ್ಕು ತಿಂಗಳು, ಅರ್ಧ ಗಂಟೆಗೊಮ್ಮೆ, ನೀರಿನ ತಂಪನ್ನೂ ಆಮ್ಲಜನಕವನ್ನೂ ದಾಖಲಿಸಿಕೊಂಡಿತ್ತು. ಆ ದಾಖಲೆ ಇದ್ದದ್ದು ಕೊಳವೆಯೊಳಗೆ ಮಾತ್ರ. ಉಪಗ್ರಹಕ್ಕೆ ತಿಳಿಯುತ್ತಿದ್ದದ್ದು ತೇಲುಗುಂಡು ಇರುವ ಜಾಗವಷ್ಟೇ.

ನಾಲ್ಕನೆಯ ದಿನವೇ ಅವಳು ವಿಭಾಗದ ಮುಖ್ಯಸ್ಥರ ಮುಂದೆ ನಿಂತಳು. "ಸರ್, ಅದು ನಮ್ಮೂರ ಕಡೆ ಇದೆ. ಇವತ್ತೇ ಹೋಗಿ ತರ್ತೀನಿ."

"ವಾಹನಕ್ಕೆ ಟಿಪ್ಪಣಿ ಕಳಿಸಿ. ಮಂಜೂರಾತಿ ಬರಲಿ," ಎಂದರು ಅವರು.

ಮಂಜೂರಾತಿಗೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನದಲ್ಲಿ ಯಾವ ದಿನವಾದರೂ ಅವಳು ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಗುತ್ತಿಗೆ ಮಾರ್ಚಿಗೆ ಮುಗಿಯುವುದಿತ್ತು, ಮುಖ್ಯಸ್ಥರನ್ನು ಎದುರುಹಾಕಿಕೊಳ್ಳುವ ಧೈರ್ಯ ಬರಲಿಲ್ಲ.

ಕೊನೆಗೆ ಕೇಂದ್ರದ ಜೀಪಿನಲ್ಲಿ ಅಂಜನಾಪುರಕ್ಕೆ ಬಂದಿಳಿದಾಗ ತೇಲುಗುಂಡು ದೂರದಿಂದಲೇ ಕಂಡಿತು. ಯಾರೋ ಅದನ್ನು ಪಂಪಿನ ಪೈಪಿಗೆ ಬಿಗಿದು, ಪೈಪಿನ ಬಾಯಿ ಕೆಸರಿಗೆ ಇಳಿಯದಂತೆ ನೀರಿನಲ್ಲಿ ತೇಲಿಬಿಟ್ಟಿದ್ದರು. ಕೆಳಗೆ ಕೊಳವೆ ಇರಲಿಲ್ಲ. ಹತ್ತಿರದ ಗದ್ದೆಯಿಂದ ಐವತ್ತೈದರ ಆಸುಪಾಸಿನ ರೈತನೊಬ್ಬ ಎದ್ದು ಬಂದ. ಹೆಸರು ತೋಟಪ್ಪ.

"ಇದು ಸರ್ಕಾರದ ವಸ್ತು. ಹೆಂಗೆ ಬಂತು ನಿಮ್ಮ ಹತ್ರ?" ನೀಲಾಂಬಿಕ ನಮಸ್ಕಾರವನ್ನೂ ಹೇಳದೆ ಕೇಳಿದಳು. "ಕೆಳಗೆ ಒಂದು ಸ್ಟೀಲ್ ಕೊಳವೆ ಇತ್ತಲ್ಲ, ಎಲ್ಲಿ? ಹದಿನಾಲ್ಕು ತಿಂಗಳ ಕೆಲಸ ಅದ್ರಲ್ಲಿದೆ. ಕಂಡೋರ ವಸ್ತು ಎತ್ಕೊಂಡು ಬರೋದಾ?"

ತೋಟಪ್ಪ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಕದ್ದು ತಂದಿದ್ದಲ್ರೀ. ಮೆಕ್ಕೆಜೋಳದ ಲಾರಿ ಜೊತಿ ಹೊನ್ನಾವರಕ್ಕೆ ಹೋಗಿದ್ದೆ. ಬಂದರದಾಗ ಬಲೆಯಿಂದ ಬಿಡಿಸಿ ಒಗೆದಿದ್ರು. ಯಾರದಪ್ಪಾ ಇದು ಅಂತ ನಾಕ್ ಮಂದಿ ಕೇಳೀನಿ. ಯಾರಿಗೂ ಗೊತ್ತಿರ್ಲಿಲ್ಲ, ಬೇಕಾದ್ರೆ ಒಯ್ಯಿರಿ ಅಂದ್ರು."

"ಕೊಳವೆ ಎಲ್ಲಿ ಅಂದ್ರೆ?"

ಉತ್ತರ ಕೊಟ್ಟದ್ದು ತೋಟಪ್ಪನ ಹೆಂಡತಿ ಮಹಾದೇವಮ್ಮ. ಬದುವಿನ ಮೇಲೆ ಬುತ್ತಿ ಇಳಿಸಿ ನೇರ ನೀಲಾಂಬಿಕಳ ಎದುರಿಗೆ ಬಂದು ನಿಂತಳು. "ನಿಮ್ದೇನು ಅದು? ನಿಮ್ಮನ್ನೇ ಕಾಯ್ತಿದ್ದೆ ನಾನು. ಬರ್ರಿ, ತೋರಿಸ್ತೀನಿ."

ಜೀಪು ಶಿರಾಳಕೊಪ್ಪಕ್ಕೆ ಬಂದು, ಸಂತೆ ಮೈದಾನದ ಹಿಂದಿನ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ನಿಂತಿತು. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಕುರ್ಚಿಯ ಮೇಲೆ ಮಹಾದೇವಮ್ಮನ ತಮ್ಮ ಚನ್ನೇಶ್ ಕೂತಿದ್ದ. ಬಲಗೈ ಮೊಣಕೈವರೆಗೂ ಬ್ಯಾಂಡೇಜಿನೊಳಗಿತ್ತು, ಬಲಗಡೆಯ ಹುಬ್ಬು ಸುಟ್ಟು ಹೋಗಿತ್ತು. ಮೂಲೆಯಲ್ಲಿ ಕೊಳವೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಒಳಗಿದ್ದದ್ದೆಲ್ಲ ಕರಕಲು.

"ಒಳ್ಳೇ ಸ್ಟೀಲು, ಗೇಟಿಗೆ ಆಗುತ್ತೆ ಅಂತ ಭಾವ ಕೊಟ್ಟ," ಎಂದ ಚನ್ನೇಶ್. "ಕಟಿಂಗ್ ವೀಲ್ ಹಚ್ಚಿದ್ದಷ್ಟೇ, ಸಿಡೀತು. ನೀರು ಹಾಕಿದ್ರೆ ಇನ್ನೂ ಜಾಸ್ತಿ ಉರೀತು."

"ಯಾವತ್ತು?"

"ಹೋದ ಶನಿವಾರ."

ಟಿಪ್ಪಣಿ ಕಳಿಸಿದ ಆರನೆಯ ದಿನ. ನೀಲಾಂಬಿಕ ಕೊಳವೆಯನ್ನು ಎತ್ತಿ ತಿರುಗಿಸಿದಳು. ಹತ್ತಿದ್ದ ಕಡಲ ಚಿಪ್ಪುಗಳನ್ನು ಚನ್ನೇಶ್ ಉಜ್ಜಿ ತೆಗೆದಿದ್ದ ಕಡೆ ಉಗುರಿನಷ್ಟು ಗಾತ್ರದ ಇಂಗ್ಲಿಷ್ ಅಕ್ಷರಗಳಿದ್ದವು: ಕಂಪನಿಯ ಹೆಸರು, ಒಂದು ನಂಬರು, ಕೊನೆಯಲ್ಲಿ ಲಿಥಿಯಂ ಬ್ಯಾಟರಿ.

"ಓದ್ದೆ ನಾನು," ಎಂದ ಚನ್ನೇಶ್. "ಮೊಬೈಲ್ ಬ್ಯಾಟರಿ ಮ್ಯಾಲೂ ಹಂಗೇ ಇರ್ತೈತಲ್ರೀ. ಇಷ್ಟು ದಪ್ಪ ಪೈಪಿನಾಗೆ ಬಾಂಬ್ ಐತಿ ಅಂತ ಯಾರ್ ತಿಳ್ಕೋಬೇಕು?"

"ಏನಿತ್ತು ಅದ್ರಾಗ?" ಮಹಾದೇವಮ್ಮ ಕೇಳಿದಳು.

ನೀಲಾಂಬಿಕ ಹೇಳಿದಳು. ತಳದ ನೀರು, ಗಾಳಿ, ಸಾಯುವ ಮೀನು. ಹೇಳುತ್ತಾ ಹೇಳುತ್ತಾ ಅವಳ ದನಿ ತಗ್ಗಿತು.

"ಮೀನಿಗೆ ಉಸಿರುಗಟ್ಟೋದು ಅಳೆಯಾಕ ಬರ್ತೈತಿ ನಿಮಗ," ಎಂದಳು ಮಹಾದೇವಮ್ಮ. "ಇದನ್ನ ಬಿಚ್ಚಬ್ಯಾಡ್ರಿ, ಕೈ ಸುಡ್ತೈತಿ ಅಂತ ಕನ್ನಡದಾಗ ಒಂದು ಸಾಲು ಬರೆಯಾಕ ಬರಲಿಲ್ಲೇನು?"

ನೀಲಾಂಬಿಕ ಬರೆದಿದ್ದಳು. ದೊಡ್ಡ ಅಕ್ಷರದಲ್ಲಿ, ಫೋನ್ ನಂಬರಿನ ಸಮೇತ, ಅಂಟಿಸುವುದಕ್ಕೆ ತಯಾರು ಮಾಡಿ ಮುಖ್ಯಸ್ಥರಿಗೆ ಮೂರು ಸಲ ಕಳಿಸಿದ್ದಳು. ಮೂರು ಸಲವೂ ಬೇಡವೆಂದಿದ್ದರು. ನಂಬರು ಕೊಟ್ಟರೆ ಮೀನುಗಾರರು ದಿನಾ ಫೋನ್ ಮಾಡಿ ತಲೆ ತಿನ್ನುತ್ತಾರೆ, ಕಂಪನಿಯ ಲೇಬಲ್ ಸಾಕು ಎಂಬ ಉತ್ತರ ಈಗಲೂ ಅವಳ ಫೋನಿನಲ್ಲಿತ್ತು. ಆದರೆ ಬ್ಯಾಂಡೇಜು ಕಟ್ಟಿದ ಆ ಕೈಯ ಎದುರು ಅದನ್ನು ಹೇಳುವುದಕ್ಕೆ ಬಾಯಿ ಬರಲಿಲ್ಲ.

ಹೊರಗೆ ಬಂದು ಮುಖ್ಯಸ್ಥರಿಗೆ ಫೋನ್ ಮಾಡಿದಳು. ಎಲ್ಲ ಕೇಳಿಸಿಕೊಂಡು ಅವರು ಅಂದರು, "ಹಾಗಾದರೆ ಕಳ್ಳತನದ ದೂರು ಕೊಡಿ. ಸರ್ಕಾರಿ ಸ್ವತ್ತಿನ ನಾಶ ಅಂತಲೂ ಸೇರಿಸಿ. ಕರಡು ಕಳಿಸ್ತೀನಿ, ಶಿಕಾರಿಪುರ ಠಾಣೆಗೆ ಹೋಗಿ ಸಹಿ ಮಾಡಿ. ಇಲ್ಲದಿದ್ದರೆ ತನಿಖೆ ನಮ್ಮ ಕುತ್ತಿಗೆಗೆ ಬರುತ್ತೆ."

"ಅವರ ಕೈ ಸುಟ್ಟಿದೆ ಸರ್."

"ಬಿಚ್ಚಿದ್ದು ಅವರು ತಾನೆ?"

ಕರಡು ಐದೇ ನಿಮಿಷದಲ್ಲಿ ಬಂತು. ಮೊದಲೇ ಬರೆದಿಟ್ಟಿದ್ದರೆಂದು ಅವಳಿಗೆ ಹೊಳೆದದ್ದು ಆಗ. ತೋಟಪ್ಪನ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದರು. ತೋಟಪ್ಪನ ಮುಂದೆ ಬೆಳಿಗ್ಗೆ ತಾನಾಡಿದ ಮಾತು ಈ ಕಾಗದದಲ್ಲಿ ಅಚ್ಚಾಗಿ ಕೂತಿತ್ತು.

ಠಾಣೆಗೆ ಹೋದಳು. ಸಬ್ ಇನ್ಸ್‌ಪೆಕ್ಟರ್ ಕೂರಿಸಿ, "ದೂರು ತಂದಿದೀರಂತೆ ಮೇಡಂ. ನಿಮ್ಮ ಸಾಹೇಬ್ರು ಫೋನ್ ಮಾಡಿದ್ರು," ಎಂದರು.

"ಅವರದ್ದಲ್ಲ. ನಂದೇ ಬರೆದು ಕೊಡ್ತೀನಿ. ಹಾಳೆ ಕೊಡಿ."

ಎರಡು ಪುಟ ಬರೆದಳು. ಉಪಕರಣದ ಒಳಗೆ ಏನಿತ್ತು, ಎಚ್ಚರಿಕೆಯ ಮಾತು ಯಾಕೆ ಕನ್ನಡದಲ್ಲಿರಲಿಲ್ಲ, ಅದಕ್ಕೆ ತಾನು ಅನುಮತಿ ಕೇಳಿದ ತಾರೀಕು, ಬೇಡವೆಂದವರ ಹೆಸರು. ಒಂಬತ್ತು ದಿನ ತಾನೂ ಸುಮ್ಮನೆ ಕೂತಿದ್ದೆ ಎಂಬುದನ್ನೂ ಸೇರಿಸಿದಳು. ಸಬ್ ಇನ್ಸ್‌ಪೆಕ್ಟರ್ ಓದಿ ಮುಗಿಸಿ, "ಇದನ್ನ ಕೊಟ್ರೆ ನಿಮ್ಮ ಕೆಲಸಕ್ಕೇ ಸಂಚಕಾರ," ಎಂದರು.

"ಗೊತ್ತು. ಸ್ವೀಕೃತಿ ಕೊಡಿ."

ಠಾಣೆಯ ಮೆಟ್ಟಿಲಿಳಿಯುವಾಗಲೇ, ಒಳಗಿನಿಂದ ಸುದ್ದಿ ಹೋಗಿ, ಮುಖ್ಯಸ್ಥರ ಫೋನ್ ಬಂತು. ಏನು ಬರೆದುಕೊಟ್ಟಿದ್ದೀಯ ಎಂದು ಕಿರುಚಿದರು. ಅವಳು ರಸ್ತೆಯಲ್ಲೇ ನಿಂತಳು. "ನಾನು ಕಳಿಸಿದ್ದ ಮೂರು ಪತ್ರಕ್ಕೆ ನೀವು ಕೊಟ್ಟ ಉತ್ತರ ಬರೆದಿದೀನಿ. ಸುಳ್ಳಿದ್ರೆ ಹೇಳಿ, ತಿದ್ದುತೀನಿ." ಆ ಕಡೆಯಿಂದ ಫೋನ್ ಕಟ್ಟಾಯಿತು.

ತೋಟಪ್ಪನ ಮೇಲೆ ಪ್ರಕರಣ ದಾಖಲಾಗಲಿಲ್ಲ. ಕೇಂದ್ರದವರು ತನಿಖೆ ಮಾಡಿದರು, ಚನ್ನೇಶನ ಚಿಕಿತ್ಸೆಯ ಖರ್ಚನ್ನು ಭರಿಸಿದರು, ತಪ್ಪು ಯಾರದೆಂದು ಮಾತ್ರ ಎಲ್ಲೂ ಬರೆಯಲಿಲ್ಲ. ಮುಖ್ಯಸ್ಥರು ಅದೇ ಕುರ್ಚಿಯಲ್ಲಿ ಉಳಿದರು. ನೀಲಾಂಬಿಕಳನ್ನು ಹಡಗಿನ ಕೆಲಸದಿಂದ ತೆಗೆದರು, ಮಾರ್ಚಿಗೆ ಗುತ್ತಿಗೆ ಮುಂದುವರಿಸಲಿಲ್ಲ.

ಸೊರಬಕ್ಕೆ ಮರಳುವ ದಿನ ಅವಳು ಊರಿನಲ್ಲಿ ಇಳಿಯದೆ ಮುಂದಿನ ಶಿರಾಳಕೊಪ್ಪದಲ್ಲಿ ಇಳಿದು ಚನ್ನೇಶನ ಅಂಗಡಿಗೆ ಹೋದಳು. ಬಾಗಿಲು ಪೂರ್ತಿ ತೆರೆದಿತ್ತು. ಮಹಾದೇವಮ್ಮ ಕಬ್ಬಿಣದ ಸಾಮಾನುಗಳನ್ನು ಬೇರೆ ಮಾಡುತ್ತಿದ್ದಳು, ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದಳು. ಚನ್ನೇಶನ ಎರಡು ಬೆರಳು ಮಡಚುತ್ತಿರಲಿಲ್ಲ.

"ಅಂಗಡಿ ಬೇರೆಯವ್ರಿಗೆ ಕೊಡ್ತಿದೀನ್ರೀ. ವೆಲ್ಡಿಂಗ್ ಹೋಲ್ಡರ್ ಹಿಡಿಯೋಕೆ ಆಗಲ್ಲ," ಎಂದ. "ನೀವು ಮತ್ತೆ ಸಮುದ್ರಕ್ಕೆ ಹೋಗೋದು ಯಾವಾಗ?"

"ಕಳಿಸಲ್ಲ ಅವ್ರು. ತೆಗೆದುಹಾಕಿದ್ರು."

"ಆ ಮನುಷ್ಯ?"

"ಅಲ್ಲೇ ಇದಾನೆ."

ಮಹಾದೇವಮ್ಮ ಕೈಲಿದ್ದ ಸಲಾಕೆಯನ್ನು ರಾಶಿಯ ಮೇಲೆ ಜೋರಾಗಿ ಎಸೆದಳು. ಆಮೇಲೆ ಒಳಗಿನಿಂದ ಒಂದು ಸ್ಟೂಲು ತಂದು ನೀಲಾಂಬಿಕಳ ಮುಂದಿಟ್ಟು, "ಕುಂದ್ರು. ಬಸ್ಸಿಗೆ ಇನ್ನೂ ಹೊತ್ತೈತಿ," ಎಂದಳು.