ಸದಸ್ಯರ ಸಾಲು

ನಗರಸಭೆಯ ರಂಗಮಂದಿರದಲ್ಲಿ ಮೊದಲ ಸಾಲು ಸದಸ್ಯರಿಗೆ ಮೀಸಲು. ಕಟ್ಟಡ ಎದ್ದಾಗಿನಿಂದ ಅಲ್ಲಿ ಒಂದು ನರಪಿಳ್ಳೆಯೂ ಕೂತಿರಲಿಲ್ಲ. "ಪಾಸು ತಗೊಂಡು ಬರೋದು ಧೂಳು ಮಾತ್ರ" ಎನ್ನುತ್ತಿದ್ದರು ಅಲ್ಲಿ ಸಂಬಳಕ್ಕಿದ್ದ ನಟಿ, ನಮ್ಮತ್ತೆ. ಆ ಖಾಲಿ ಸಾಲನ್ನು ದಾಟಿ, ಹಿಂದಿನ ಅಗ್ಗದ ಬೆಂಚುಗಳನ್ನು ನೋಡುತ್ತಲೇ ಮಾತಾಡುವುದು ಅಲ್ಲಿನ ನಟರ ರೂಢಿಯಾಯಿತು.

ರಂಗಮಂದಿರವನ್ನು ಮುಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುವ ಮುನ್ನ ಸದಸ್ಯರೆಲ್ಲ ಒಮ್ಮೆ ನಾಟಕಕ್ಕೆ ಬಂದು ಆ ಮೊದಲ ಸಾಲಿನಲ್ಲಿ ಕೂತರು. ಅಂದು ಅತ್ತೆ ಜೀವ ತುಂಬಿ ನಟಿಸಿದರು; ಹಿಂದಿನ ಬೆಂಚಿನವರು ಕಣ್ಣೊರೆಸಿಕೊಂಡರು.

ಹೊರಡುವಾಗ ಅಧ್ಯಕ್ಷರು, "ನಾಟಕ ಚೆನ್ನಾಗೇ ಇತ್ತು. ಆದ್ರೆ ಒಬ್ಬರಾದ್ರೂ ನಮ್ಮನ್ನ ಕ್ಯಾರೆ ಅಂದ್ರಾ?" ಎಂದರು. ಮರುವಾರವೇ ಬೀಗ ಬಿತ್ತು.

ಮೊನ್ನೆ ಅತ್ತೆ ನನ್ನೆದುರೇ ಕೂತು, ನನ್ನ ತಲೆಯ ಮೇಲಿಂದ ಗೋಡೆ ನೋಡುತ್ತ ಹೇಳಿದರು: "ಅವರು ಬಂದು ಕೂತಿದ್ದು ಗೊತ್ತಿತ್ತು ಕಣೋ. ಹಾಳಾದ್ ಕಣ್ಣು ಮಾತು ಕೇಳ್ಲಿಲ್ಲ."