ಬಿಂದುಶ್ರೀಗೆ ತಲುಪದ ಮೆಸೇಜು

"ರಕ್ತ ಕಮ್ಮಿ ಇದೆ, ಬೇಗ ಬಾ ಅಂತ ಆಸ್ಪತ್ರೆ ಆ್ಯಪಲ್ಲಿ ಎರಡು ಸಲ ಮೆಸೇಜ್ ಹಾಕಿದ್ವಲ್ಲಮ್ಮ, ಯಾಕೆ ಬರ್ಲಿಲ್ಲ?"

ಆಸ್ಪತ್ರೆಯ ನರ್ಸ್ ಮಮತ ಹೀಗೆ ಕೇಳಿದಾಗ ಬಿಂದುಶ್ರೀ ಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಐದು ತಿಂಗಳ ಬಸುರಿ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುತ್ತಿತ್ತು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡಿದ್ದಳು.

"ಫೋನು ಅವರ ಹತ್ರ ಇರುತ್ತೆ ಮೇಡಂ," ಎಂದಳು.

ಅವರು ಎಂದರೆ ಗಂಡ ಕೆಂಪರಾಜ್. ಜಡಿಗೇನಹಳ್ಳಿ ಕಡೆಯ ತರಕಾರಿಯನ್ನು ಟೆಂಪೋದಲ್ಲಿ ಹೊಸಕೋಟೆ ಮಾರ್ಕೆಟ್ಟಿಗೆ ಹೊಡೆಯುತ್ತಿದ್ದ. ಮನೆಗಿದ್ದದ್ದು ಅವನದೊಂದೇ ಫೋನು. ಬಾಡಿಗೆಗೆ ಕರೆಯುವವರೂ ಅದಕ್ಕೇ ಕರೆಯಬೇಕು.

ಸಂಜೆ ಊಟಕ್ಕೆ ಕೂತಾಗ ವಿಷಯ ತಿಳಿದ ಕೆಂಪರಾಜ್ ತಲೆ ಕೆರೆದುಕೊಂಡ. "ಇಂಗ್ಲಿಷಲ್ಲಿತ್ತು ಕಣೇ. ದಿನಕ್ಕೆ ನೂರೆಂಟು ಬರ್ತವೆ. ಇದೂ ಯಾವ್ದೋ ಕಂಪ್ನಿದು ಅಂತ ಡಿಲೀಟ್ ಮಾಡ್ಬಿಟ್ಟೆ."

"ನಂಗೇ ಒಂದು ಫೋನಿದ್ದಿದ್ರೆ..."

"ಮನೇಲಿರೋಳಿಗೆ ಯಾಕೆ..." ಅವನು ಮಾತು ಮುಗಿಸುವಷ್ಟರಲ್ಲಿ, ಒಲೆ ಮುಂದಿದ್ದ ಅವನ ತಾಯಿ ಗಂಗಲಕ್ಷ್ಮಮ್ಮ ತಿರುಗಿದರು.

"ಮಗು ಇರೋದು ಅವಳ ಹೊಟ್ಟೇಲಿ, ಸುದ್ದಿ ಬರೋದು ನಿನ್ನ ಜೇಬಿಗೆ. ಇದ್ಯಾವ ನ್ಯಾಯಾನಪ್ಪಾ?"

ಕೆಂಪರಾಜ್ ಉಂಡೆದ್ದ. ಆ ವಾರವೇ ಪರಿಚಯದ ಅಂಗಡಿಯಿಂದ ಯಾರೋ ಬಳಸಿ ಬಿಟ್ಟ ಫೋನೊಂದನ್ನು ತಂದು, ಹೊಸ ಸಿಮ್ ಹಾಕಿ, ಹೆಂಡತಿಯ ಮುಂದಿಟ್ಟ. "ನೀನೇ ಇಟ್ಕೋ," ಎಂದಷ್ಟೇ ಹೇಳಿದ.

ಮಮತ ಆ್ಯಪಿನಲ್ಲಿ ಬಿಂದುಶ್ರೀಯ ನಂಬರು ಹಾಕಿ, ಭಾಷೆಯನ್ನು ಕನ್ನಡಕ್ಕೆ ಬದಲಿಸಿದಳು. ಬಂದ ಮೆಸೇಜನ್ನು ಫೋನೇ ಓದಿ ಹೇಳುವುದನ್ನೂ ತೋರಿಸಿಕೊಟ್ಟಳು. ಅಂದಿನಿಂದ ಬಿಂದುಶ್ರೀ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪಿಸಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಸೊಸೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಪಕ್ಕದಲ್ಲಿ ಫೋನು ಮಾತಾಡುತ್ತಿತ್ತು: ಸುಸ್ತು, ತಲೆಸುತ್ತು, ಏದುಸಿರು ಇರುವವರು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಗಂಗಲಕ್ಷ್ಮಮ್ಮನ ಕೈ ನಿಂತಿತು.

"ನಂಗೂ ಹಿಂಗೇ ಆಯ್ತದೆ ಕಣಮ್ಮ. ವಯಸ್ಸಾಯ್ತಲ್ಲ, ಅದಕ್ಕೇ ಅಂದ್ಕೊಂಡಿದ್ದೆ."

"ಯಾರ್ಗೂ ಹೇಳ್ಲೇ ಇಲ್ವಲ್ಲತ್ತೆ?"

"ಯಾರು ಕೇಳಿದ್ರು?"

ಮುಂದಿನ ತಪಾಸಣೆಗೆ ಇಬ್ಬರೂ ಹೋದರು. ಸೊಸೆಯ ರಕ್ತ ಏರಿತ್ತು. ಅತ್ತೆಯದು ಕಮ್ಮಿಯೇ ಬಂತು. ಡಾಕ್ಟರಿಗೆ ತೋರಿಸಿ ಮಾತ್ರೆ ಕೊಡಿಸಿದ ಮಮತ, "ಇವರ ನಂಬರ್?" ಎಂದಳು.

"ಸದ್ಯಕ್ಕೆ ನಂದೇ ಹಾಕಿ ಮೇಡಂ. ಬಂದಿದ್ದನ್ನ ಅವತ್ತೇ ಕೇಳಿಸ್ತೀನಿ."

ಬಸ್ಸಿಗೆ ಕಾಯುವಾಗ ಗಂಗಲಕ್ಷ್ಮಮ್ಮ ಸೆರಗಿನಿಂದ ಬೆರಳೊರೆಸಿಕೊಂಡು ಕೈ ಚಾಚಿದರು.

"ಕೊಡಮ್ಮ ಇಲ್ಲಿ. ಎಲ್ಲಿ ಒತ್ತಬೇಕು ಅಂತ ನಂಗೂ ತೋರ್ಸು."