ತೊಟ್ಟಿಯೊಳಗಿನ ಗುಳಿ

ಬೆಳಿಗ್ಗೆ ತೊಟ್ಟಿಯ ಮೇಲಿನ ಗೋಣಿತಾಟು ಸರಿಸಿದ ಭವ್ಯಶ್ರೀ ಹಾಗೇ ನಿಂತಳು. ಕಾಫಿ ಬೀಜದ ನಡುವೆ ಮೊಣಕೈ ಮುಳುಗುವಷ್ಟು ಆಳದ ಗುಳಿ.

ಮಿಷನ್ನಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ ತೊಟ್ಟಿಗೆ ಹಾಕಿದ ಮೇಲೆ ಬೀಜದ ಲೋಳೆ ತಾನಾಗಿ ಕಳಚಬೇಕು. ಕಳಚಿತೋ ಇಲ್ಲವೋ ಎಂದು ನೋಡಲು ಅವಳ ಗಂಡ ಶಿವರಾಜು ಬೀಜದೊಳಗೆ ತೋಳು ಇಳಿಸಿ ಎತ್ತುತ್ತಿದ್ದ. ಗುಳಿ ಮುಚ್ಚಿಕೊಂಡರೆ ಇನ್ನೂ ಆಗಿಲ್ಲ. ಹಾಗೇ ನಿಂತರೆ ಕೂಡಲೇ ತೊಳೆಯಬೇಕು. ತಡವಾದರೆ ಕೆಟ್ಟಿತು. ಮುಂಗಾರಿಗೆ ಮುಂಚೆ ನೆರಳಿನ ಮರ ಸವರಲು ಹತ್ತಿದವನು ಬಿದ್ದು ತೀರಿಕೊಂಡಿದ್ದ. ಮಲ್ಲಿಪಟ್ಟಣದ ಆಚೆಯ ಆ ಸಣ್ಣ ತೋಟದಲ್ಲಿ ಈಗ ಅವಳು, ಅತ್ತೆ ಮುದ್ದಮ್ಮ, ಇಬ್ಬರೇ.

"ಒಂದ್ ತೊಟ್ಟಿ ಕೆಟ್ರೂ ಮಿಷನ್ ಮಾರ್ಬುಡಾದು. ಹಣ್ಣೇ ಮಾರ್ಕಂಡಿರಾದು," ಎಂದಿದ್ದಳು ಮುದ್ದಮ್ಮ. ಆ ಮಿಷನ್ ಅವನೇ ಹುಡುಕಿ ತಂದದ್ದು. ಅದನ್ನು ಬಿಡಲು ಭವ್ಯಶ್ರೀಗೆ ಮನಸ್ಸಿರಲಿಲ್ಲ.

ಅವಳು ನೋಡುತ್ತಿದ್ದುದು ಕೋಲಿನಿಂದ. ಕೋಲಿನ ತೂತು ಬೆರಳಿನಷ್ಟಿರುತ್ತದೆ.

"ಅತ್ತೆ, ನೀವೇನಾರ ಕೈ ಇಟ್ರಾ?"

"ನನ್ ಕೈ ಕಡ್ಡಿ ಅಂಗದೆ. ಇಷ್ಟಗಲ ಗುಳಿ ಬಿದ್ದಾತಾ?" ಎನ್ನುತ್ತ ಬಂದ ಮುದ್ದಮ್ಮ ಬಗ್ಗಿ ನೋಡಿದಳು. ಗುಳಿ ಮಗನ ತೋಳಿನಷ್ಟೇ ಅಗಲವಿತ್ತು.

ಅಂದು ತೊಳೆದ ಬೀಜ ಕೆಡದೆ ಬೆಣ್ಣೆಯ ಬಣ್ಣಕ್ಕೆ ಒಣಗಿತು.

ಮುಂದಿನ ಕೊಯ್ಲಿನ ಬೀಜ ತೊಟ್ಟಿಗೆ ಬಿದ್ದ ಸಂಜೆ ಮುದ್ದಮ್ಮ ಪಕ್ಕದಲ್ಲಿ ಕಂಠಮಟ್ಟ ನೀರಿನ ಚೊಂಬು, ಮಗನ ಟವೆಲು ಇಟ್ಟಳು. "ಲೋಳೆ ಕೈಯಾಗೆ ಎಂಗೋದಾನು?"

ಬೆಳಿಗ್ಗೆ ಗುಳಿ ಇರಲಿಲ್ಲ. ಬೀಜ ಸಮತಟ್ಟಾಗಿತ್ತು.

"ಇನ್ನೂ ಆಗಿಲ್ಲ ಕಣವ್ವ. ಆಗಿದ್ರೆ ನನ್ ಮಗ ನೋಡ್ತಿರ್ಲಿಲ್ವಾ?"

"ನಾನೇ ನೋಡ್ತೀನಿ. ಕೋಲೆಲ್ಲಿ?"

"ಒಲೆಗಾಕ್ದೆ. ಅವ್ನಿರುವಾಗ ಕೋಲ್ಯಾಕೆ?"

ಬಿಸಿಲು ಸಿಲ್ವರ್ ಮರಗಳನ್ನು ದಾಟಿ ಅಂಗಳಕ್ಕಿಳಿಯಿತು. ಭವ್ಯಶ್ರೀಯೂ ಕಾದಳು. ಬೇಲಿಯ ಗೇಟು ಕಿರ್ರೆಂದೀತೇ ಎಂದು ಕಿವಿಗೊಟ್ಟು ನಿಂತದ್ದು ತಾನೇ ಎಂದು ಅರಿವಾದಾಗ ತೊಟ್ಟಿಯ ಕಡೆ ತಿರುಗಿದಳು. ಅಷ್ಟರಲ್ಲಿ ತೊಟ್ಟಿಯಿಂದ ಹಳಸಿದ ಹೆಂಡದ ವಾಸನೆ ಸಣ್ಣಗೆ ಏಳತೊಡಗಿತ್ತು. ರವಿಕೆಯ ತೋಳು ಮಡಚಿದಳು.

ಮುದ್ದಮ್ಮ ಮಣಿಕಟ್ಟು ಹಿಡಿದಳು. "ಬ್ಯಾಡ ಕಣವ್ವ. ನೀನ್ ಕೈ ಇಟ್ರೆ ಅವ್ನಿನ್ ಬರಕಿಲ್ಲ."

"ಕೆಟ್ರೆ ಮಿಷನ್ ಮಾರ್ತೀರಿ. ಆಮೇಲೆ ಅವ್ರು ಏನ್ ನೋಡಕ್ಕೆ ಬಂದಾರು ಅತ್ತೆ?"

ಹಿಡಿತ ಸಡಿಲಾಯಿತು. ಭವ್ಯಶ್ರೀ ತೋಳು ಇಳಿಸಿದಳು. ಒಳಗೆ ಬೀಜ, ನಿದ್ದೆಯಲ್ಲಿದ್ದವರ ಮೈಯಂತೆ ಬೆಚ್ಚಗಿತ್ತು. ಮೆಲ್ಲಗೆ ಎತ್ತಿದಳು. ಗುಳಿ ನಿಂತಿತು. ತಡಮಾಡದೆ ನಲ್ಲಿ ತಿರುಗಿಸಿ ನೀರು ಬಿಟ್ಟಳು.

ಕೈ ತೊಳೆಸಲು ಮುದ್ದಮ್ಮ ಚೊಂಬು ಎತ್ತಿದಳು. ಅದರಲ್ಲಿ ಅರ್ಧ ನೀರೇ ಇತ್ತು. ಟವೆಲು ಕೊಡಹೋದವಳು ಅದರ ಒಂದು ತುದಿಯನ್ನು ಬೆರಳಲ್ಲಿ ಉಜ್ಜಿದಳು. ಅಂಟಂಟಾಗಿತ್ತು.

"ಬಂದಿದ್ದ ಕಣವ್ವ," ಎಂದಳು. "ಆಗ ಇನ್ನೂ ಆಗಿರ್ನಿಲ್ಲ. ಗುಳಿ ಮುಚ್ಕಂಡದೆ."

ಭವ್ಯಶ್ರೀ ಒಣಗಿದ್ದ ಇನ್ನೊಂದು ತುದಿಯಲ್ಲಿ ಕೈ ಒರೆಸಿಕೊಂಡಳು.